ಕಂಪ್ಯೂಟರಿನ ಮೆಮೊರಿ ಖಾಲಿ ಮಾಡಿ ಕುಣಿದದ್ದು

ಗೆಳೆಯರೇ, ಇಂದು ಮಧ್ಯಾಹ್ನ ಬೆಟಗೇರಿಯ ನಮ್ಮ ಮನೆಯಲ್ಲಿ ನಾನು ಹತ್ತು ನಿಮಿಷ ದೊಡ್ಡ ಎಂಜಿನಿಯರ್ ಆಗಿದ್ದೆ.

ಸೀರೆ ಸೆರಗಿನ ಚಿತ್ತಾರ ಬಿಡಿಸುವ ನಮ್ಮ ಹಳೆಯ ಕಂಪ್ಯೂಟರಿಗೆ ಮೆಮೊರಿ ಖಾಲಿ ಮಾಡುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿದ್ದೆ. ಗುಂಡಿ ಒತ್ತಿದೆ. ತೊಂಬತ್ತೊಂದು ಪರ್ಸೆಂಟ್ ತುಂಬಿದ್ದ ಮೆಮೊರಿ ಸರ್ರನೆ ಮೂವತ್ತೆಂಟಕ್ಕೆ ಇಳಿಯಿತು. ಮೈ ಜುಮ್ಮೆಂದಿತು. ಮತ್ತೆ ತುಂಬಿತು, ಮತ್ತೆ ಒತ್ತಿದೆ. ಮಗ್ಗದಲ್ಲಿದ್ದ ಅಪ್ಪನನ್ನೂ ಕರೆದು ತೋರಿಸಿದೆ.

ಅಷ್ಟರಲ್ಲಿ ಮಗಳ ಮದುವೆಗೆ ಹನ್ನೆರಡು ಸೀರೆ ನೇಯಿಸಲು ಲಕ್ಷ್ಮೇಶ್ವರದಿಂದ ಒಬ್ಬ ತಾಯಿ ಬಂದರು. ಕಂಪ್ಯೂಟರಿನಲ್ಲಿ ಸೆರಗಿನ ಚಿತ್ತಾರ ತೆರೆದೆ. ಒಂದೊಂದು ಹೂವಿಗೂ ಪರದೆಯ ಮೇಲೆ ಚಕ್ರ ತಿರುಗತೊಡಗಿತು. ನಾನು ಗುಂಡಿ ಒತ್ತುತ್ತಲೇ ಇದ್ದೆ.

"ತಮ್ಮಾ, ಸೆರಗ ತೋರಸ್ತಿಯೋ, ಬರೇ ಚಕ್ರ ತೋರಸ್ತಿಯೋ? ನನ್ನ ಬಸ್ಸಿನ ಹೊತ್ತಾತು," ಎನ್ನುತ್ತ ಆಕೆ ಎದ್ದರು.

ಅಪ್ಪ ನನ್ನತ್ತ ತಿರುಗಿದರು. "ನೀ ಒತ್ತಿದಾಗ ಅದರಾಗ ಇದ್ದದ್ದು ಎಲ್ಲಿ ಹೋಗತೈತಲೇ?"

"ಡಿಸ್ಕಿಗೆ ಹೋಗತೈತಿ ಅಪ್ಪಾ. ಬೇಕಂದ್ರ ಮತ್ತ ತರತೈತಿ."

"ನಾ ಮಗ್ಗದಾಗ ಕುಂತಾಗ ನೂಲು ಸುತ್ತಿದ ನನ್ನ ಕಂಡಿಕಿ ಎಲ್ಲಾ ಅಟ್ಟದ ಮ್ಯಾಲೆ ಒಗದು, ಜಾಗಾ ಖಾಲಿ ಆತು ಅಂತ ಕುಣ್ಯಾಕತ್ತಿಯಲ್ಲೋ. ನಾ ನೇಯಬೇಕೋ, ಅಟ್ಟಾ ಹತ್ತಬೇಕೋ? ತಗಿ ಅದನ್ನ."

ತೆಗೆದೆ. ಮೆಮೊರಿ ಮತ್ತೆ ತುಂಬಿತು, ಸೆರಗು ಥಟ್ಟನೆ ತೆರೆಯಿತು. ಆಕೆ ಮತ್ತೆ ಕುಳಿತು ಹನ್ನೆರಡಕ್ಕೂ ಒಪ್ಪಿದರು.

ಆ ಸಾಫ್ಟ್‌ವೇರ್ ಹೋಗುವ ಮುನ್ನ, ತನ್ನನ್ನು ತೆಗೆಯುತ್ತಿರುವ ಕಾರಣ ಬರೆಯಿರಿ ಎಂದು ಕೇಳಿತ್ತು. "ಅಪ್ಪ ಬೈದರು" ಎಂದು ಬರೆದು ಕಳಿಸಿದ್ದೇನೆ.