ವೇಲು ಎಸೆದು ಹಿಡಿದ ಸೀಟು

ಇಳಿಯಲೋ ಬೇಡವೋ ತಿಳಿಯದೆ ಬಸ್ಸಿನಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ, ಸ್ನೇಹಿತರೇ. ಮೊದಲ ಸಲ ಬೆಂಗಳೂರಿಗೆ ಬಂದ ಅಕ್ಕನ ಮಗಳಿಗೆ ಕಮರ್ಷಿಯಲ್ ಸ್ಟ್ರೀಟ್ ತೋರಿಸಿ ಬಟ್ಟೆ ಕೊಡಿಸಬೇಕೆಂದು ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ನಿಂತಿದ್ದೆ. ಬಸ್ಸೊಂದು ಬಂದದ್ದೇ ತಡ, ಜನ ಮುಗಿಬಿದ್ದರು. ಹದಿನೈದರ ಈ ಹುಡುಗಿ ಊರಿನಲ್ಲಿ ಸೀಟು ಹಿಡಿಯುವಂತೆ ನನ್ನ ವೇಲನ್ನೇ ಎಳೆದು ಕಿಟಕಿಯೊಳಗೆ ಎಸೆದಳು. ವೇಲಿನ ಹಿಂದೆ ನಾವಿಬ್ಬರೂ ಹತ್ತಿದೆವು. ಒಳಗೆ ಅಜ್ಜಿಯೊಬ್ಬರು ಎಲ್ಲರನ್ನೂ ತಡೆಯುತ್ತಿದ್ದರು: "ವೇಲು ಹಾಕವ್ರೆ, ಕೂರ್ಬೇಡಿ!"

ಕೂತ ಮೇಲೆ ಕಂಡಕ್ಟರನ್ನು ಕೇಳಿದೆ, "ಕಮರ್ಷಿಯಲ್ ಸ್ಟ್ರೀಟ್‌ಗೆ ಹೋಗುತ್ತಲ್ವಾ?"

"ಹೆಬ್ಬಾಳಕ್ಕೆ ಹೋಗುತ್ತೆ. ಹತ್ತೋಕ್ ಮುಂಚೆ ಬೋರ್ಡ್ ನೋಡಲ್ವಾ ಮೇಡಂ?"

"ಸೀಟ್ ಸಿಕ್ತಲ್ಲ ಚಿಕ್ಕಮ್ಮ!" ಎಂದಳು ಇವಳು.

ಇಳಿಯಬೇಕು, ನಿಜ. ಆದರೆ ಒಂಬತ್ತು ವರ್ಷದಲ್ಲಿ ಈ ಸ್ಟಾಪಿನಲ್ಲಿ ನನಗೆ ಸೀಟು ಸಿಕ್ಕಿದ್ದು ಇದೇ ಮೊದಲು. ಹೆಬ್ಬಾಳದಲ್ಲಿ ಒಳ್ಳೆಯ ಬಟ್ಟೆ ಅಂಗಡಿ ಎಲ್ಲಿದೆ, ಹೇಳ್ರಪ್ಪಾ.