ಗಾಜಿನ ಆಚೆ ಅತ್ತೆ

ಬನಹಟ್ಟಿಯಲ್ಲಿ ನಮ್ಮ ಮನೆಯ ಹಿಂದೆಯೇ ಪವರ್‌ಲೂಮ್ ಶೆಡ್ಡು. ಮದುವೆಯಾಗಿ ಬಂದ ಹೊಸದರಲ್ಲೇ ನಾನು ಅಲ್ಲಿ ನೂಲು ಸುತ್ತಲು ಕೂತೆ. ಮಗ್ಗಗಳ ಸದ್ದಿನಲ್ಲಿ ಕೂಗಿ ಪ್ರಯೋಜನವಿರಲಿಲ್ಲ. ಅತ್ತೆ ಆ ತುದಿಯಲ್ಲಿ ತುಟಿ ಆಡಿಸಿದರೆ ಈ ತುದಿಯಲ್ಲಿ ನನಗೆ ತಿಳಿಯುತ್ತಿತ್ತು. ನೂಲು ಹರಿಯಿತು, ಹಾಲು ಉಕ್ಕಿತು, ಬೀಗರು ಬಂದರು, ಎಲ್ಲ ಸುದ್ದಿಯೂ ಹಾಗೆಯೇ.

ಕೊರೋನಾ ಬಂದು ಮಗ್ಗಗಳು ನಿಂತವು. ಅಷ್ಟು ನಿಶ್ಶಬ್ದದಲ್ಲಿ ಮಾತು ಚೆನ್ನಾಗಿ ಕೇಳಬೇಕಿತ್ತು. ಕೇಳಲಿಲ್ಲ. ಕಿರಾಣಿ ಅಂಗಡಿಯವನು ಮಾಸ್ಕಿನೊಳಗಿಂದ ಏನೋ ಕೇಳಿದ. "ಎರಡು ಕಿಲೋ" ಎಂದೆ. ಅವನು ಕೇಳಿದ್ದು ಚೀಲ ತಂದಿದ್ದೀರಾ ಎಂದು. ಹಿಂದಿದ್ದವರು ನಕ್ಕರು. ಇಷ್ಟು ವರ್ಷ ನಾನು ಜನರ ಬಾಯಿ ನೋಡಿಯೇ ಮಾತು ತಿಳಿಯುತ್ತಿದ್ದೆ ಎಂಬುದು ಆಗ ಗೊತ್ತಾಯಿತು. ಮನೆಯಲ್ಲಿ ಹೇಳಲಿಲ್ಲ.

ಮರುವರ್ಷ ಅತ್ತೆಗೆ ಕೊರೋನಾ ತಗುಲಿತು. ಅವರನ್ನು ಒಂದು ಕೋಣೆಯಲ್ಲಿ ಬೇರೆಯಾಗಿ ಇರಿಸಿದೆವು. ಆ ಕೋಣೆಗೆ ಪಡಸಾಲೆಯ ಕಡೆ ಗಾಜಿನ ಕಿಟಕಿಯಿತ್ತು. ಕೈಗೊಂದು ಫೋನು ಕೊಟ್ಟಿದ್ದೆವು, ಅವರು ಎತ್ತುತ್ತಿರಲಿಲ್ಲ. ಗಂಡ ಕಿಟಕಿಯ ಹತ್ತಿರ ನಿಂತು, "ಯವ್ವಾ, ಊಟ ಮಾಡಿದೇನ?" ಎಂದು ಕೂಗಿದರು. ಅತ್ತೆಯ ದನಿಯಲ್ಲಿ ಶಕ್ತಿಯಿರಲಿಲ್ಲ, ತುಟಿ ಮಾತ್ರ ಅಲುಗಿತು. ಗಂಡ ನನ್ನ ಕಡೆ ತಿರುಗಿದರು.

"ಏನ್ ಅನ್ನಾಕತ್ತಾಳ?"

"ಸಾರು ಸಪ್ಪಗಾಗೇತಂತ."

"ನಿನಗ ಕೇಳ್ತೇನ?"

"ಕೇಳಲಿಲ್ರಿ, ಕಾಣಿಸ್ತು."

ಅಂದಿನಿಂದ ಪ್ರತಿಯೊಂದಕ್ಕೂ ನನ್ನನ್ನೇ ಕಿಟಕಿಗೆ ಕರೆಯತೊಡಗಿದರು. ಒಳಗೆ ಅತ್ತೆಗೆ ಮಾಸ್ಕ್ ಇರಲಿಲ್ಲ. ಹೊರಗೆ ನಾನು ನನ್ನದನ್ನು ಗಲ್ಲಕ್ಕೆ ಇಳಿಸುತ್ತಿದ್ದೆ.

ಒಂದು ಮಧ್ಯಾಹ್ನ ಗಂಡ ಮಲಗಿದ್ದಾಗ, ದನಿ ತೆಗೆಯದೆ ಕೇಳಿದೆ: "ಫೋನ್ ಯಾಕ ಎತ್ತಂಗಿಲ್ರಿ ಅತ್ತಿ?"

"ಕೇಳಂಗಿಲ್ಲ. ನಿನ್ನ ಮದುವಿ ಮುಂಚಿಂದನೂ ಹಿಂಗ. ಯಾರ ಮುಂದೂ ಹೇಳಬ್ಯಾಡ, ಕಿವುಡಿ ಅಂತಾರ."

"ನಂಗೂ ಕೇಳವಲ್ದರಿ."

"ಗೊತ್ತೈತಿ ಬಿಡು. ನನ್ನ ಮಗ ಹಿಂದಿನಿಂದ ಕರದ್ರ ನೀ ಹೊಳ್ಳಿ ನೋಡಂಗಿಲ್ಲ. ಅಂವಾ ಸಿಟ್ಟಾಗ್ತಾನ."

ನಾನು ಕರೆದಾಗ ಅತ್ತೆಯೂ ತಿರುಗಿ ನೋಡುತ್ತಿರಲಿಲ್ಲ. ಅದು ಅತ್ತೆತನದ ಬಿಗುಮಾನ ಎಂದುಕೊಂಡು ಸಂಸಾರ ಮಾಡಿದ್ದೆ. ಗಂಡ ಎದ್ದು ಬಂದು, ಏನಂತೆ ಎಂದರು. "ಚಾ ಬೇಕಂತ" ಎಂದು ಒಳಗೆ ಹೋಗಿ ನೀರಿಟ್ಟೆ.

ಅತ್ತೆ ಗುಣವಾದರು. ಬಸ್ಸುಗಳು ಶುರುವಾದ ಮೇಲೆ ಗಂಡನಿಗೆ ನನ್ನ ಕಿವಿಯ ವಿಷಯ ಹೇಳಿದೆ. ಪಕ್ಕದಲ್ಲೇ ಕೂತಿದ್ದ ಅತ್ತೆ, "ನಂದೂ ತೋರಸೂನು" ಎಂದರು. ಗಂಡ ಇಬ್ಬರನ್ನೂ ಬಸ್ಸು ಹತ್ತಿಸಿಕೊಂಡು ಹೊರಟರು. ಜಮಖಂಡಿಯ ಕಿವಿ ಡಾಕ್ಟರು ಮಾಸ್ಕ್ ಹಾಕಿಕೊಂಡೇ ಪ್ರಶ್ನೆ ಕೇಳಿದರು, ನಾವಿಬ್ಬರೂ ಪರಸ್ಪರ ಮುಖ ನೋಡಿಕೊಂಡೆವು. ಅವರಿಗೆ ಅರ್ಥವಾಯಿತು. ಗೋಡೆಯ ತನಕ ಹಿಂದೆ ಸರಿದು, ಮಾಸ್ಕ್ ಇಳಿಸಿ ಮತ್ತೆ ಕೇಳಿದರು.

ಇಬ್ಬರಿಗೂ ಕಿವಿ ಮಷಿನ್ ಬಂದವು. ಅವನ್ನು ಹಾಕಿಕೊಂಡು ಊರಿಗೆ ಮರಳುವಾಗ ಅತ್ತೆ ನೀರು ಕುಡಿಯಲು ಮಾಸ್ಕ್ ತೆಗೆದರು. ಅದರ ದಾರಕ್ಕೆ ಸಿಕ್ಕಿ ಮಷಿನ್ ಸೀಟಿನ ಕೆಳಗೆ ಬಿತ್ತು. ಹುಡುಕಿ ಕೊಟ್ಟೆ. ಅತ್ತೆ ಮತ್ತೆ ಹಾಕಿಕೊಳ್ಳಲಿಲ್ಲ. "ಬಸ್ಸಿಂದಽ ಇಷ್ಟು ಗದ್ದಲ ಐತಿ. ಇನ್ನ ಮಗ್ಗದ್ದು ಯಾರು ಕೇಳ್ತಾರ?" ಎಂದು ಡಬ್ಬಿಯಲ್ಲಿಟ್ಟರು.

ನಾನು ನನ್ನದನ್ನು ಶೆಡ್ಡಿನ ಹೊರಗೆ ಮಾತ್ರ ಹಾಕಿಕೊಳ್ಳುತ್ತೇನೆ. ಗಂಡ ಈಗ ಎದುರಿಗೆ ಬಂದು ನಿಂತು ಮಾತಾಡುತ್ತಾರೆ. ಅವಸರವಿದ್ದಾಗ ಮರೆಯುತ್ತಾರೆ.