ರೇಣವ್ವನ ಸೆರಗಿಗೆ ಬಂದ ಮಡಿಲಕ್ಕಿ

ಬೆಳಗಿನ ಆರೂವರೆ. ಸಾರಕ್ಕಿ ಸಿಗ್ನಲ್ಲಿನಲ್ಲಿ ಆಗಲೇ ಅರ್ಧ ಬೆಂಗಳೂರು ಹಾರನ್ ಒತ್ತುತ್ತಿದೆ, ಇನ್ನರ್ಧ ಬೈಯುತ್ತಿದೆ. ಅಲ್ಲಿಂದ ಎರಡು ತಿರುವು ಒಳಗೆ, ಜೆ.ಪಿ. ನಗರದ ಸಂತಾನ ಚಿಕಿತ್ಸೆಯ ಕ್ಲಿನಿಕ್ಕೊಂದರಲ್ಲಿ, ಆಯಾ ರೇಣವ್ವ ತೂಕದ ಯಂತ್ರ ಒರೆಸುತ್ತಿದ್ದಾರೆ. ಒರೆಸುವ ಪರಿಗೆ ಗರ್ಭಗುಡಿಯ ಅರ್ಚಕರೂ ನಾಚಬೇಕು. ಈ ಯಂತ್ರದ ಮುಳ್ಳಿಗೆ ಹೆದರಿದಷ್ಟು ದಕ್ಷಿಣ ಬೆಂಗಳೂರಿನ ಹೆಂಗಸರು ಯಮನಿಗೂ ಹೆದರಿಲ್ಲ. ಬಳೆ ಬಿಚ್ಚುತ್ತಾರೆ, ಪಿನ್ನು ತೆಗೆಯುತ್ತಾರೆ. ಒಬ್ಬಾಕೆಯಂತೂ ಮೂಗುಬೊಟ್ಟನ್ನೂ ಕಳಚಿಕೊಟ್ಟು ಉಸಿರು ಬಿಗಿಹಿಡಿದು ನಿಂತರಂತೆ. "ಉಸಿರು ಬಿಡ್ರಿ ಅಕ್ಕಾರ, ಅದಕ್ಕ ತೂಕ ಇಲ್ಲ" ಎಂದು ಇವರೇ ನೆನಪಿಸಬೇಕಾಯಿತು.

ಕೊಪ್ಪಳದ ಕಡೆಯ ರೇಣವ್ವ ಬಿಟಿಎಂ ಲೇಔಟಿನಲ್ಲಿ ಬೆಂಕಿಪೊಟ್ಟಣದಂಥ ಕೋಣೆಯಲ್ಲಿ ಬಾಡಿಗೆಗಿದ್ದಾರೆ. ಗಂಡ ಗುರುಸಿದ್ದ ವಾಚ್‌ಮನ್. ಮಕ್ಕಳಿಲ್ಲ. ಊರಿನವರು ಇವರನ್ನು ಸೀಮಂತಕ್ಕೆ ಕರೆಯುವುದು ಬಿಟ್ಟರು, ಇವರು ಊರನ್ನೇ ಬಿಟ್ಟರು. 2001ರಲ್ಲಿ ಕ್ಲಿನಿಕ್ ಬಾಗಿಲು ತೆರೆದಾಗಿನಿಂದ ಇದೇ ಕೆಲಸ. ಯಾರ ತೂಕವನ್ನೂ ಗಟ್ಟಿಯಾಗಿ ಕೂಗುವುದಿಲ್ಲ, ಕಿವಿಯಲ್ಲಿ ಹೇಳುತ್ತಾರೆ. ಇಡೀ ಜಯನಗರದ ಗುಟ್ಟು ಇವರ ಹೊಟ್ಟೆಯಲ್ಲಿದೆ.

ಇವತ್ತು ಮೊದಲು ಬಂದವರು ಶ್ರೀನಗರದ ಮೇಘಶ್ರೀ, ಜೊತೆಗೆ ಅತ್ತೆ ಕಮಲಾದೇವಿ. ಭ್ರೂಣ ಸಿದ್ಧವಾಗಿ ಶೀತಪೆಟ್ಟಿಗೆಯಲ್ಲಿ ಕಾಯುತ್ತಿದೆ. ಮೈತೂಕ ಹೆಚ್ಚಿದ್ದರೆ ಹಾರ್ಮೋನು ಏರುಪೇರಾಗಿ, ಗರ್ಭಕೋಶದ ಒಳಪದರ ಭ್ರೂಣವನ್ನು ಹಿಡಿದುಕೊಳ್ಳುವುದು ಕಷ್ಟವಾಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ತೂಕ ಹೇಳಿದಷ್ಟಕ್ಕೆ ಇಳಿದು, ಪದರ ಬೇಕಾದಷ್ಟು ದಪ್ಪಗಾಗಿದ್ದರೆ ಈ ತಿಂಗಳೇ ಭ್ರೂಣ ಇಡುವುದು. ಎರಡರಲ್ಲೊಂದು ತಪ್ಪಿದರೂ ಮುಂದಕ್ಕೆ. ಈಗಾಗಲೇ ಎರಡು ಸಲ ಮುಂದಕ್ಕೆ ಹೋಗಿದೆ. ಅನ್ನ ಬಿಟ್ಟು, ಕೃಷ್ಣರಾವ್ ಪಾರ್ಕನ್ನು ಸವೆದುಹೋಗುವಷ್ಟು ಸುತ್ತಿದ ಹುಡುಗಿ ಈಕೆ.

ಮೇಘಶ್ರೀ ಯಂತ್ರ ಹತ್ತುತ್ತಾರೆ. ಮುಳ್ಳು ಡಾಕ್ಟರು ಹೇಳಿದ ಗಡಿ ದಾಟಿ ನಿಲ್ಲುತ್ತದೆ.

ಆಗ ರೇಣವ್ವನ ಕಣ್ಣಿಗೆ ಆಕೆಯ ಸೆರಗಿನ ಗಂಟು ಬೀಳುತ್ತದೆ. ಒಳ್ಳೆಯ ಕೆಲಸಕ್ಕೆ ಹೊರಟಿದ್ದಾಳೆಂದು ಅತ್ತೆ ಮುಂಜಾನೆಯೇ ಮಡಿಲು ತುಂಬಿದ್ದಾರೆ: ಅಕ್ಕಿ, ಬೆಲ್ಲದಚ್ಚು, ಶಿವಗಂಗೆ ಬೆಟ್ಟದ ತಮ್ಮನಂಥ ತೆಂಗಿನಕಾಯಿ. ನೆಲಕ್ಕಿಡುವಂತಿಲ್ಲ. ಕೊಟ್ಟ ಕೈಯೇ ವಾಪಸು ಪಡೆಯುವಂತಿಲ್ಲ ಎಂದು ಕಮಲಾದೇವಿ ಪಟ್ಟು ಹಿಡಿಯುತ್ತಾರೆ. ಇನ್ನೊಬ್ಬ ಹೆಂಗಸಿನ ಸೆರಗೇ ಆಗಬೇಕು. ಕೋಣೆಯಲ್ಲಿರುವ ಇನ್ನೊಬ್ಬ ಹೆಂಗಸು ರೇಣವ್ವ.

"ಅವ್ವಾರ, ನನಗ ಮಕ್ಕಳಿಲ್ರಿ," ಎನ್ನುತ್ತಾರೆ ರೇಣವ್ವ. "ಹಿಡೀಲೋ ಬ್ಯಾಡೋ, ನೀವ ಹೇಳ್ರಿ."

ಕಮಲಾದೇವಿ ಗೋಡೆಯ ಮೇಲಿನ ದುಂಡುಮಗುವಿನ ಕ್ಯಾಲೆಂಡರ್ ನೋಡುತ್ತಾ ನಿಂತುಬಿಡುತ್ತಾರೆ. ಕೊನೆಗೆ ಮೇಘಶ್ರೀಯೇ ಇಳಿದು ಬಂದು, "ಸೆರಗು ಒಡ್ಡಿ ಅಕ್ಕ" ಎಂದು ಎಲ್ಲವನ್ನೂ ಸುರಿಯುತ್ತಾರೆ.

ಮತ್ತೆ ಹತ್ತಿದಾಗ ಮುಳ್ಳು ಗಡಿಯ ಈಚೆಗೇ ನಿಲ್ಲುತ್ತದೆ. ರೇಣವ್ವ ಕಿವಿಯಲ್ಲಿ ಹೇಳುವಷ್ಟರಲ್ಲಿ ಸ್ಕ್ಯಾನಿಗೆ ಕರೆ ಬರುತ್ತದೆ. ಮೇಘಶ್ರೀ ಪರದೆಯ ಹಿಂದೆ ಹೋಗುತ್ತಾರೆ, ಮಡಿಲಕ್ಕಿ ರೇಣವ್ವನ ಸೆರಗಿನಲ್ಲೇ ಉಳಿಯುತ್ತದೆ. ಕೂರಲು ಧೈರ್ಯವಿಲ್ಲ, ಕೆಮ್ಮಲೂ ಹೆದರಿಕೆ. ಒಳಗೆ ಪದರ ತೆಳುವಾಗಿದ್ದರೆ ತಪ್ಪು ಯಾರ ತಲೆಗೆ ಬರುತ್ತದೆಂದು ಅವರಿಗೆ ಗೊತ್ತು. ಕಮಲಾದೇವಿಯವರ ನೋಟ ಆ ಸೆರಗನ್ನು ಬಿಟ್ಟು ಕದಲುವುದಿಲ್ಲ. ಒಂದು ಕಾಳೂ ಉದುರುವುದಿಲ್ಲ.

ಪರದೆ ಸರಿಯುತ್ತದೆ. ಪದರ ಎಂಟೂವರೆ ಮಿಲಿಮೀಟರ್ ಇದೆ, ಚೆನ್ನಾಗಿದೆ, ಗುರುವಾರ ಭ್ರೂಣ ಇಡೋಣ ಎಂದಿದ್ದಾರೆ ಡಾಕ್ಟರು. ನಿಲ್ಲುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದೂ ಸೇರಿಸಿದ್ದಾರೆ.

"ಆಗುತ್ತೆ ಅಲ್ವಾ ಅಕ್ಕ?" ಮೇಘಶ್ರೀ ಕೇಳುತ್ತಾರೆ.

ರೇಣವ್ವ ಮಡಿಲಕ್ಕಿಯನ್ನು ಜೋಪಾನವಾಗಿ ಆಕೆಯ ಸೆರಗಿಗೆ ಮರಳಿಸುತ್ತಾರೆ. ಕಮಲಾದೇವಿ ನಡುವೆ ಕೈಯೊಡ್ಡಿ, ಒಂದು ಹಿಡಿ ಅಕ್ಕಿಯನ್ನು ರೇಣವ್ವನ ಸೆರಗಿನಲ್ಲೇ ತಡೆದು ಉಳಿಸುತ್ತಾರೆ. ಸೊಸೆಯ ತೋಳು ಹಿಡಿದು ಆಟೋ ಹತ್ತಿಸುತ್ತಾರೆ.

ಅಕ್ಕಿಯನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾ ರೇಣವ್ವ ಸ್ಕ್ಯಾನ್ ಕೋಣೆಯಿಂದ ಹೊರಬಂದ ನರ್ಸಿಗೆ ಹೇಳುತ್ತಾರೆ: "ಆದವ್ರು ಹೆರಿಗೀಗೆ ಬ್ಯಾರೆ ದವಾಖಾನಿಗೆ ಹೋಗ್ತಾರ. ಆಗದವ್ರು ಮನಿ ಹಿಡೀತಾರ. ಇಬ್ರೂ ಈ ಕಡೆ ಹಾಯಂಗಿಲ್ಲ. ನನಗ ಗೊತ್ತಾಗೂದು ಹ್ಯಾಂಗ? ಈ ಹುಡುಗಿ ಒಂದ್ಸಲ ಬಂದು ಹೇಳಿ ಹೋದ್ರ ಸಾಕ್ರಿ. ಇಲ್ಲ ಅಂತನಾದ್ರೂ."